ದೇವರಾಜ ಮಾರುಕಟ್ಟೆ ಹಾಳಾದದ್ದು ವಯಸ್ಸಿನಿಂದಲ್ಲ

ಮೈಸೂರಿನ ಓದುಗರೊಬ್ಬರು ದೇವರಾಜ ಮಾರುಕಟ್ಟೆಯ ಬಗ್ಗೆ ಖಾರವಾಗಿಯೇ ಬರೆದಿದ್ದಾರೆ. ಗೋಡೆ ಬಿರುಕು ಬಿಟ್ಟಿದೆ, ಮಳೆ ಬಂದರೆ ಸೋರುತ್ತದೆ, ಕಾರು ನಿಲ್ಲಿಸಲು ಜಾಗವಿಲ್ಲ. ಅದನ್ನು ಕೆಡವಿ ಅದೇ ನಮೂನೆಯಲ್ಲಿ ಹೊಸದು ಕಟ್ಟಿ, ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಮಾಡಿದರೆ ಯಾರ ಗಂಟು ಹೋಗುತ್ತದೆ ಎಂಬುದು ಅವರ ಪ್ರಶ್ನೆ. ಹಳೇ ಕಟ್ಟಡಕ್ಕಾಗಿ ಮರುಗುವ ಪತ್ರಿಕೆಯವರು ಅಲ್ಲಿ ಒಂದು ಮಳೆಗಾಲ ಅಂಗಡಿ ಇಟ್ಟು ನೋಡಲಿ ಎಂದೂ ಸೇರಿಸಿದ್ದಾರೆ.

ನಿಮ್ಮ ಸಿಟ್ಟು ಅರ್ಥವಾಗುತ್ತದೆ ಸ್ವಾಮಿ. 2012ರಲ್ಲಿ ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲೇ ಉರುಳಿತು. ಜೀವಕ್ಕಿಂತ ಕಟ್ಟಡ ದೊಡ್ಡದಲ್ಲ. ಅಪಾಯವಿರುವ ಕಡೆ ಜನರನ್ನು ತೆರವು ಮಾಡಿಸಲೇಬೇಕು.

ಆದರೆ ಹೆಬ್ಬಾಗಿಲು ಉರುಳಿದ್ದು ಯಾವಾಗ? ದುರಸ್ತಿ ಕೆಲಸ ನಡೆಯುತ್ತಿದ್ದಾಗ. ನಿಮ್ಮ ಪತ್ರದಲ್ಲಿ ಈ ಮಾತೇ ಇಲ್ಲ, ಮತ್ತು ನನ್ನ ತಕರಾರು ಶುರುವಾಗುವುದೇ ಇಲ್ಲಿಂದ.

ಈ ಮಾರುಕಟ್ಟೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದ್ದು. ಮೇಲೆ ಮದ್ರಾಸ್ ತಾರಸಿ. ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸಾಲು ಕಟ್ಟಿ, ಗಾರೆಯಲ್ಲಿ ಕೂರಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಕಲಸಿ ಹರಡುತ್ತಿದ್ದರು. ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುವಾಗ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು. ಗಾರೆ ಅರೆಯಲು ಎತ್ತಿನ ಗಾಣವಿತ್ತು. ಹೀಗೆ ಮಾಡಿದ ತಾರಸಿ ತೇವವನ್ನು ಹೀರಿ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸಿಮೆಂಟಿಗೆ ಆ ಗುಣವಿಲ್ಲ. ಗಾರೆ ಗೋಡೆಯ ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಇಟ್ಟಿಗೆ ಪುಡಿಯಾಗುತ್ತದೆ, ತೊಲೆ ಕೊಳೆಯುತ್ತದೆ, ಕಬ್ಬಿಣವಿದ್ದರೆ ತುಕ್ಕು ಹಿಡಿದು ಉಬ್ಬುತ್ತದೆ. ನಮ್ಮ ಬೀದಿಯ ಹಳೇ ಮನೆಯೊಂದರಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಸೋರುತ್ತದೆ ಅಂತ ತಾರಸಿಗೆ ದಪ್ಪಗೆ ಸಿಮೆಂಟ್ ಹಾಕಿಸಿದರು. ಕೆಲವೇ ವರ್ಷದಲ್ಲಿ ನಡುಮನೆಯ ತೊಲೆ ಬಾಗಿತು. ನೋಡಲು ಬಂದ ಮುದುಕ ಗಾರೆ ಮೇಸ್ತ್ರಿ ಮೊದಲು ಕೇಳಿದ್ದು, ‘ಮೇಲೆ ಸಿಮೆಂಟ್ ಹಾಕಿದ್ದು ಯಾರು?’ ಅಂತ.

ಇನ್ನು ‘ಅದೇ ನಮೂನೆಯ ಹೊಸದು’ ಎನ್ನುತ್ತೀರಿ. ನಮೂನೆ ಅಂದರೆ ಬರೀ ಕಮಾನಲ್ಲ. ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಮಾಡಿಸಿದ ದೊಡ್ಡ ದೇವರಾಜ ಒಡೆಯರ ಹೆಸರು ಇದಕ್ಕಿದೆ. 19ನೇ ಶತಮಾನದ ಕೊನೆಗೆ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಬೆಳೆಯತೊಡಗಿ, ನಾಲ್ವಡಿಯವರ ಕಾಲದಲ್ಲಿ ಈಗಿನ ರೂಪಕ್ಕೆ ಬಂತು. ಸಯ್ಯಾಜಿರಾವ್ ರಸ್ತೆಗೆ ಮುಖ ಮಾಡಿದ ಅಂಗಡಿ ಸಾಲು, ಅದರ ಹಿಂದೆ ಆಕಾಶ ಕಾಣುವ ಉದ್ದನೆಯ ಅಂಗಳ. ಒಟ್ಟು 800ಕ್ಕೂ ಹೆಚ್ಚು ಮಳಿಗೆಗಳು, ಆದರೂ ಎಲ್ಲ ಬಹುತೇಕ ನೆಲಮಟ್ಟದಲ್ಲೇ. ತಲೆ ಮೇಲೆ ಬುಟ್ಟಿ ಹೊತ್ತವರು ಮೆಟ್ಟಿಲು ಹತ್ತಬೇಕಿಲ್ಲ. ಹೂವು, ಬಾಳೆ, ತರಕಾರಿ ಕೊಳೆಯುವ ಸರಕು. ಅದಕ್ಕೆ ಗಾಳಿ ಬೇಕು, ಬೆಳಕು ಬೇಕು, ಬೇಗ ಒಳಗೆ ಬಂದು ಬೇಗ ಹೊರಗೆ ಹೋಗುವ ದಾರಿ ಬೇಕು. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಗುರುತು ಕೊಡಿಸಿದೆವು. ಅವನ್ನು ಮಾರುವ ಅಂಗಳ ಮಾತ್ರ ನಮಗೆ ಬೇಡ. ಇದು ಯಾವ ನ್ಯಾಯ? ನೆಲಮಾಳಿಗೆಯಲ್ಲಿ ಕಾರು, ಮೇಲೆ ಶಟರ್ ಎಳೆದ ಮಳಿಗೆ ಬಂದರೆ ಮೊದಲು ಏರುವುದು ಬಾಡಿಗೆ. ಮೊಳದ ಲೆಕ್ಕದಲ್ಲಿ ಮಲ್ಲಿಗೆ ಮಾರುವ ಹೆಂಗಸು ಆ ಬಾಡಿಗೆ ಎಲ್ಲಿಂದ ತರಬೇಕು?

ಕೆಡವಿದವರ ಕಥೆಯನ್ನೂ ಓದಿ. ಪ್ಯಾರಿಸ್ಸಿನವರು ಲೆ ಆಲ್ ಎಂಬ ದೊಡ್ಡ ಮಾರುಕಟ್ಟೆಯನ್ನು 1969ರಲ್ಲಿ ಊರಾಚೆಗೆ ಸಾಗಿಸಿ, 1971ರಿಂದ ಅದರ ಕಬ್ಬಿಣ-ಗಾಜಿನ ಮಂಟಪಗಳನ್ನು ಒಡೆದರು. ಊರ ನಡುವೆ ವರ್ಷಗಟ್ಟಲೆ ದೊಡ್ಡ ಗುಂಡಿ ಉಳಿಯಿತು. 1979ರಲ್ಲಿ ಅಲ್ಲಿ ನೆಲದಡಿಯ ಮಾಲ್ ಬಂತು. ಅದನ್ನು ಊರೇ ಬೈಯುತ್ತಿತ್ತು. ಕೊನೆಗೆ ಅದರ ಮೇಲ್ಭಾಗವನ್ನೂ ಕೆಡವಿ 2016ರಲ್ಲಿ ಇನ್ನೊಂದು ಕಟ್ಟಿದರು. ಹೊಸದಕ್ಕೆ ಸಿಕ್ಕಿದ ಆಯಸ್ಸು ಇಷ್ಟೇ. ಹತ್ತಿರದ್ದೇ ಬೇಕೆಂದರೆ ಮದ್ರಾಸಿನ ಮೂರ್ ಮಾರ್ಕೆಟ್. 1985ರಲ್ಲಿ ಬೆಂಕಿ ಬಿತ್ತು, ಆ ಜಾಗ ರೈಲ್ವೆ ಕಟ್ಟಡಕ್ಕೆ ಹೋಯಿತು. ಲಂಡನ್ನಿನ ಕೋವೆಂಟ್ ಗಾರ್ಡನ್ ಮಾತ್ರ ಜನರ ಹೋರಾಟದಿಂದ ಉಳಿದು 1980ರಲ್ಲಿ ಮತ್ತೆ ತೆರೆಯಿತು. ಅಲ್ಲಿ ತರಕಾರಿ ಹೋಗಿ ಪ್ರವಾಸಿಗರ ಅಂಗಡಿಗಳು ಬಂದದ್ದು ನನಗೆ ಹಿಡಿಸುವುದಿಲ್ಲ. ನಮ್ಮಲ್ಲಿ ಕಟ್ಟಡವೂ ಇದೆ, ವ್ಯಾಪಾರವೂ ಇದೆ. ಎರಡೂ ಒಟ್ಟಿಗೆ ಇರುವ ಊರು ಎಷ್ಟಿವೆ ಹೇಳಿ.

ಪಾರ್ಕಿಂಗ್ ಬಗ್ಗೆ ನೀವು ಅಷ್ಟು ಬರೆದಿದ್ದೀರಿ. ಕೂಗಳತೆ ದೂರದ ಪುರಭವನದ ಅಂಗಳದಲ್ಲಿ ಶುರು ಮಾಡಿದ ನೆಲದಡಿ ಪಾರ್ಕಿಂಗ್ ವರ್ಷಾನುಗಟ್ಟಲೆ ನೆನೆಗುದಿಗೆ ಬಿದ್ದದ್ದು ಮೈಸೂರಿನವರಾದ ನಿಮಗೆ ಗೊತ್ತಿರಬೇಕು, ಅಲ್ವಾ? ಅದರ ಬಗ್ಗೆ ನಿಮಗೆ ಬರದ ಸಿಟ್ಟು ಮಾರುಕಟ್ಟೆಯ ಮೇಲೆ ಯಾಕೆ ಬಂತು?

ನನಗೆ ಜಾಸ್ತಿ ನೋವಾಗುವುದು ಇನ್ನೊಂದಕ್ಕೆ. ಇಡೀ ರಾಜ್ಯದಲ್ಲಿ ಹಳೇ ಶಾಲೆ, ಆಸ್ಪತ್ರೆ, ಛತ್ರ ಎಲ್ಲದರದ್ದೂ ಇದೇ ಪಾಡು. ಚರಂಡಿ ಕಟ್ಟಿಕೊಂಡರೆ ತೆಗೆಯುವುದಿಲ್ಲ. ತಾರಸಿಯ ಸಂದಿಯಲ್ಲಿ ಅರಳಿ ಸಸಿ ಹುಟ್ಟಿದರೆ ಬೆರಳಲ್ಲಿ ಕೀಳುವ ಕಾಲಕ್ಕೆ ಕೀಳುವುದಿಲ್ಲ. ಅದು ಬೇರು ಬಿಟ್ಟು ಗೋಡೆ ಸೀಳಿದ ಮೇಲೆ ‘ಶಿಥಿಲ’ ಅಂತ ಬೋರ್ಡ್ ಹಾಕುತ್ತಾರೆ. ಟೆಂಡರ್ ಕರೆಯುವಾಗ ಗಾರೆ ಗೊತ್ತಿರುವ ಮೇಸ್ತ್ರಿ ಯಾರೆಂದು ಹುಡುಕುವುದಿಲ್ಲ, ಕಡಿಮೆ ದರ ಯಾರದೆಂದು ನೋಡುತ್ತಾರೆ. ಕೆಲಸ ಬಲ್ಲ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಮಕ್ಕಳು ಟೈಲ್ಸ್ ಕೆಲಸಕ್ಕೆ ಹೋಗುತ್ತಾರೆ, ಯಾಕೆಂದರೆ ಅಲ್ಲಿ ಕೂಲಿ ಇದೆ.

ಕೆಡವಿ ಎಂದ ತಜ್ಞರಿದ್ದಾರೆ, ಉಳಿಸಬಹುದು ಎಂದ ಇಂಟ್ಯಾಕ್ ಎಂಬ ಪರಂಪರೆ ಉಳಿಸುವ ಸಂಸ್ಥೆಯವರಿದ್ದಾರೆ. ವಿಷಯ ಹೈಕೋರ್ಟಿನ ಮೆಟ್ಟಿಲೂ ಹತ್ತಿದೆ. ನಾನು ಉಳಿಸುವವರ ಕಡೆ, ಅದನ್ನು ಮುಚ್ಚಿಡುವುದಿಲ್ಲ. ಅಲ್ಲಿ ಒಂದು ಮಳೆಗಾಲ ಕಳೆಯಿರಿ ಎಂದಿರಿ, ಸಂತೋಷ. ನೀವೂ ಬನ್ನಿ. ಜೋರು ಮಳೆ ಬಂದ ದಿನ ಇಬ್ಬರೂ ಹೋಗಿ, ನೀರು ಎಲ್ಲಿಂದ ಇಳಿಯುತ್ತಿದೆ, ತಾರಸಿಯ ನೀರು ಹರಿಯುವ ಯಾವ ದೋಣಿ ಕಟ್ಟಿಕೊಂಡಿದೆ, ಎಲ್ಲೆಲ್ಲಿ ಸಿಮೆಂಟ್ ಮೆತ್ತಿದ್ದಾರೆ ಅಂತ ಅಂಗಡಿಯವರನ್ನೇ ಕೇಳಿ ಬರೆದುಕೊಳ್ಳೋಣ. ಆ ಪಟ್ಟಿಯನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

— ಸಂಪಾದಕ