ಹೀಟ್ ಪಂಪ್ ವಾಟರ್ ಹೀಟರಿಗೆ ವರ್ಷ ವರ್ಷ ಗ್ಯಾಸ್ ತುಂಬಿಸಬೇಕೇ? ಮನೆಯಲ್ಲೇ ಏನೇನು ನೋಡಿಕೊಳ್ಳಬಹುದು?

ಉಪ್ಪಳದಲ್ಲಿ ಕಡಲಿನಿಂದ ಅರ್ಧ ಕಿಲೋಮೀಟರ್ ಒಳಗೆ ನಿಮ್ಮ ಮನೆ, 200 ಲೀಟರಿನ ಹೀಟ್ ಪಂಪ್ ಹಾಕಿಸಿ ಒಂದು ವರ್ಷ, ಸರ್ವಿಸಿನವರು ಎಎಂಸಿ (ವರ್ಷದ ನಿರ್ವಹಣೆಯ ಒಪ್ಪಂದ) ಮಾಡಿಸಿ, ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ.

ಗ್ಯಾಸಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಅದು ಅಡುಗೆ ಸಿಲಿಂಡರಿನ ಹಾಗೆ ಉರಿದು ಖಾಲಿಯಾಗುವಂಥದ್ದಲ್ಲ ಮಾರಾಯ್ರೇ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತ, ಗಾಳಿಯ ಶಾಖ ಹೀರಿ ನೀರಿಗೆ ಕೊಡುತ್ತ ಇರುತ್ತದೆ, ಅಷ್ಟೆ. ಮನೆಯ ಫ್ರಿಜ್ಜಿಗೆ ವರ್ಷ ವರ್ಷ ತುಂಬಿಸುತ್ತೀರಾ? ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದರ್ಥ. ಆ ಜಾಗ ಹುಡುಕಿ ಬೆಸುಗೆ ಹಾಕಿ, ಕೊಳವೆಯೊಳಗಿನ ಗಾಳಿ, ತೇವ ಎಳೆದು ತೆಗೆದು (ವ್ಯಾಕ್ಯೂಮ್ ಮಾಡಿ), ಯಂತ್ರದ ಮೇಲಿನ ಚೀಟಿಯಲ್ಲಿ ಎಷ್ಟು ಗ್ರಾಂ ಎಂದು ಉಂಟೋ ಅಷ್ಟನ್ನು ತೂಗಿ ತುಂಬಿಸಬೇಕು. ಗೇಜ್ ಸಿಕ್ಕಿಸಿ 'ಸ್ವಲ್ಪ ಹೊಡೆದಿದ್ದೇನೆ' ಎನ್ನುವವನನ್ನು ಒಳಗೆ ಬಿಡಬೇಡಿ. ಚೀಟಿಯಲ್ಲಿ ಆರ್32 ಎಂದಿದ್ದರೆ ಇನ್ನೂ ಎಚ್ಚರ. ಅದು ಕಿಡಿ ತಾಗಿದರೆ ಹೊತ್ತಿಕೊಳ್ಳಬಹುದಾದ ಗ್ಯಾಸು.

ಈಗ ಯಾರೂ ಹೇಳದ ಸಂಗತಿ, ಟ್ಯಾಂಕನ್ನು ತುಕ್ಕಿನಿಂದ ಕಾಯಲು ಒಳಗೆ ಇಡುವ ಆನೋಡ್ ರಾಡ್. ನಮ್ಮ ಮನೆ ಬದಿಯಡ್ಕದ ಕಡೆ, ಗುಡ್ಡದ ಬದಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಬರುತ್ತದೆ. ಹಿಂದೆ ಬಚ್ಚಲಲ್ಲಿ ಹಂಡೆ ಇತ್ತು, ಅಡಿಕೆ ಸಿಪ್ಪೆ, ಒಣಗಿದ ಮಡಲು ಹಾಕಿದರೆ ಆಯಿತು. ಸೌದೆ ಒಟ್ಟುವವರು ಇಲ್ಲವಾದ ಮೇಲೆ ಹೀಟ್ ಪಂಪ್ ಬಂತು. ಸುರಂಗದ ನೀರು ಅಂದರೆ ಅಮೃತ ಎಂದು ನಾವು ನಿಶ್ಚಿಂತೆಯಿಂದ ಇದ್ದೆವು. ನಾಲ್ಕನೇ ವರ್ಷ ಟ್ಯಾಂಕಿನ ಬುಡದಲ್ಲಿ ತುಕ್ಕಿನ ಗೆರೆ ಕಾಣಿಸಿತು. ರಾಡ್ ಬಿಚ್ಚಿದರೆ ಹೆಬ್ಬೆರಳು ದಪ್ಪದ ಮೆಗ್ನೀಸಿಯಂ ಎಲ್ಲಿ? ಕೊಡೆಕಡ್ಡಿಯಂಥ ಒಂದು ಕಬ್ಬಿಣದ ಸರಿಗೆ, ಅದರ ತುದಿಯಲ್ಲಿ ಸುಣ್ಣದಂಥ ಬಿಳಿ ಹುಡಿ. ಅಷ್ಟೇ ಉಳಿದದ್ದು. ಆ ಟ್ಯಾಂಕ್ ಮತ್ತೆ ಆರು ತಿಂಗಳು ಬಾಳಲಿಲ್ಲ.

ಆಗಿದ್ದು ಇಷ್ಟು. ಒಳಗೆ ಎನಾಮಲ್ ಬಳಿದ ಉಕ್ಕಿನ ಟ್ಯಾಂಕಿನಲ್ಲಿ ಎಲ್ಲಾದರೂ ಕೂದಲೆಳೆಯ ಬಿರುಕು ಇದ್ದೇ ಇರುತ್ತದೆ. ತುಕ್ಕು ಅಲ್ಲಿ ಉಕ್ಕನ್ನು ತಿನ್ನುವ ಬದಲು ಮೊದಲು ಮೆಗ್ನೀಸಿಯಂ ತಿನ್ನಲಿ ಎಂದು ಆ ರಾಡ್ ಇಡುವುದು. ಮುರಕಲ್ಲಿನ ನೆಲದ ನೀರು ಕುಡಿಯಲು ಸಿಹಿಯಾದರೂ ಸ್ವಲ್ಪ ಆಮ್ಲದ ಗುಣ ಇರುವಂಥದ್ದು. ನಮ್ಮದನ್ನು ಪರೀಕ್ಷೆ ಮಾಡಿಸಿದಾಗ ಪಿಎಚ್ 5.8 ಬಂತು. ಅಂಥ ನೀರಿನಲ್ಲಿ ರಾಡ್ ಬೇಗ ಕರಗುತ್ತದೆ. ನಿಮ್ಮದು ಕಡಲ ಬದಿಯ ಹೊಯ್ಗೆ ಬಾವಿ ಆಗಿರಬೇಕು. ಬೇಸಿಗೆಯ ಕೊನೆಗೆ ನೀರು ಸ್ವಲ್ಪ ಉಪ್ಪಾಗುತ್ತದೆ ಎಂದಾದರೆ ಅಲ್ಲೂ ಇದೇ ಕತೆ, ಕಾರಣ ಮಾತ್ರ ಬೇರೆ.

ಹಾಗಾಗಿ ಈ ವರ್ಷವೇ ಒಮ್ಮೆ ಬಿಚ್ಚಿಸಿ ನೋಡಿ. ಮೈನ್ ಸ್ವಿಚ್ ಆಫ್ ಮಾಡಿ, ಒಳಬರುವ ನೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಟ್ಟು, ಟ್ಯಾಂಕಿನಿಂದ ಹತ್ತು ಹನ್ನೆರಡು ಲೀಟರ್ ಹೊರಗೆ ಬಿಡಬೇಕು. ಆಮೇಲೆ ಉದ್ದ ಹಿಡಿಯ ಸಾಕೆಟ್ ಸ್ಪ್ಯಾನರಿನಿಂದ ತಿರುಗಿಸುವುದು. ಮೊದಲ ಸುತ್ತಿಗೆ ಬಲ ಬೇಕು, ಇನ್ನೊಬ್ಬರು ಟ್ಯಾಂಕನ್ನು ಅಲುಗದ ಹಾಗೆ ಹಿಡಿದುಕೊಳ್ಳಲಿ. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಹೊಸತು ಹಾಕಿ. ಅದೇ ಹೊತ್ತಿಗೆ ಬುಡದ ವಾಲ್ವಿನಿಂದ ಎರಡು ಬಕೆಟ್ ನೀರು ಬಿಟ್ಟರೆ ಕೆಸರೂ ಹೋಗುತ್ತದೆ. ಟ್ಯಾಂಕ್ ಸ್ಟೇನ್‌ಲೆಸ್ ಸ್ಟೀಲಿನದ್ದಾದರೆ ಕೆಲವದರಲ್ಲಿ ರಾಡೇ ಇರುವುದಿಲ್ಲ, ಪುಸ್ತಕ ನೋಡಿಕೊಳ್ಳಿ.

ನೀರಿನ ಬದಿ ಮುಗಿಯಿತು. ಇನ್ನು ಗಾಳಿಯ ಬದಿ. ನಿಮ್ಮಲ್ಲಿ ಉಪ್ಪುಗಾಳಿಯೇ ವೈರಿ. ಗಾಳಿಯ ಶಾಖ ಹೀರುವ ಕಾಯಿಲಿನ ತಾಮ್ರದ ಕೊಳವೆ ಮತ್ತು ಅದಕ್ಕೆ ಅಂಟಿಕೊಂಡ ತೆಳು ಅಲ್ಯೂಮಿನಿಯಂ ಹಾಳೆ (ಫಿನ್) ಕೂಡುವಲ್ಲಿ ಉಪ್ಪು, ತೇವ ಸೇರಿದರೆ ಫಿನ್ ಬೂದಿಯ ಹಾಗೆ ಉದುರುತ್ತದೆ. ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತದೆ ಎಂದುಕೊಳ್ಳಬೇಡಿ, ನಿಮ್ಮ ಯಂತ್ರ ಮಾಡಿನ ಅಡಿಯಲ್ಲಿ ಇರುತ್ತದಲ್ಲ! ಹೊರಗಿನ ಯುನಿಟ್ ಬೇರೆ ಇದ್ದರೆ ತಿಂಗಳಿಗೊಮ್ಮೆ ಸ್ವಿಚ್ ಆಫ್ ಮಾಡಿ ಸಿಹಿನೀರನ್ನು ಪೈಪಿನಲ್ಲಿ ಮೆಲ್ಲಗೆ, ಮೇಲಿನಿಂದ ಕೆಳಗೆ ಬಿಡಿ. ವಾಹನ ತೊಳೆಯುವ ಪ್ರೆಷರ್ ಯಂತ್ರ ಬೇಡ, ಫಿನ್ ಮಡಚಿಹೋಗುತ್ತದೆ. ಬ್ಲೀಚ್, ಆಸಿಡ್ ಎರಡೂ ಬೇಡ. ಟ್ಯಾಂಕಿನ ತಲೆಯ ಮೇಲೇ ಎಲ್ಲ ಇರುವ ಮಾದರಿಯಾದರೆ ನೀರು ಸುರಿಯಬೇಡಿ, ಮೆತ್ತಗಿನ ಬ್ರಷ್ಷು ಸಾಕು.

ಅಡಿಕೆ ತೋಟ ಉಂಟಾದರೆ ಇನ್ನೊಂದು ಮಾತು. ಕೊಳೆರೋಗಕ್ಕೆ ಮದ್ದು ಬಿಡುವ ಸಮಯದಲ್ಲಿ ಮೈಲುತುತ್ತಿನ ದ್ರಾವಣ ಆ ಫಿನ್ನಿಗೆ ತಾಗಬಾರದು. ತಾಮ್ರದ ಅಂಶ ಅಲ್ಯೂಮಿನಿಯಮ್ಮಿನ ಮೇಲೆ ಕೂತರೆ ಸಣ್ಣ ಸಣ್ಣ ಗುಂಡಿ ಬೀಳಿಸುತ್ತದೆ. ನಮ್ಮಲ್ಲಿ ಸ್ಪ್ರೇಯರ್ ತೊಳೆಯುತ್ತಿದ್ದದ್ದು ಸರಿಯಾಗಿ ಯುನಿಟ್ಟಿನ ಎದುರಿನ ಕಲ್ಲಿನ ಮೇಲೆ!

ಗಾಳಿಯ ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆದು ನೆರಳಲ್ಲಿ ಒಣಗಿಸಿ. ಇದನ್ನು ತಾತ್ಸಾರ ಮಾಡಿದರೆ ಪೆಟ್ಟು ಬೀಳುವುದು ಬಿಲ್ಲಿಗೆ. 200 ಲೀಟರ್ ನೀರನ್ನು 27 ಡಿಗ್ರಿಯಿಂದ 55ಕ್ಕೆ ಏರಿಸಲು ಬೇಕಾದ ಶಾಖ ಸುಮಾರು 6.5 ಯೂನಿಟ್. ಹೀಟ್ ಪಂಪ್ ಚೆನ್ನಾಗಿ ಓಡಿದರೆ ಅದರ ಮೂರನೇ ಒಂದು ಪಾಲು, ಸುಮಾರು 2.2 ಯೂನಿಟ್ ಕರೆಂಟಿನಲ್ಲಿ ಮುಗಿಯುತ್ತದೆ. ಗಾಳಿ ಸಿಗದೆ ಅದು ಸೋತರೆ, ಟ್ಯಾಂಕಿನೊಳಗೆ ನೀರು ಕಾಯಿಸಲು ಇರುವ ಕರೆಂಟ್ ಕಾಯಿಲ್ ಸದ್ದಿಲ್ಲದೆ ಕೆಲಸ ಶುರು ಮಾಡುತ್ತದೆ. ನೀರು ಬಿಸಿಯೇ ಬರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ದಿನಕ್ಕೆ ಒಂದು ಟ್ಯಾಂಕ್ ಲೆಕ್ಕ ಹಾಕಿದರೂ ಎರಡು ತಿಂಗಳ ಬಿಲ್ಲಿನಲ್ಲಿ 250 ಯೂನಿಟ್ ಜಾಸ್ತಿ. ಚಂದ ಕಾಣುವುದಿಲ್ಲ ಎಂದು ಯಂತ್ರವನ್ನು ಅಟ್ಟದಲ್ಲಿ ಬಾಗಿಲು ಹಾಕಿಟ್ಟರೂ ಹೀಗೇ. ತಾನೇ ಬಿಟ್ಟ ತಣ್ಣನೆ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತ ಕೂರುತ್ತದೆ.

ಮಳೆಗಾಲದಲ್ಲಿ ಕೆಳಗೆ ನೀರು ತೊಟ್ಟಿಕ್ಕಿದರೆ ಗಾಬರಿ ಬೀಳಬೇಡಿ, ಗಾಳಿಯ ತೇವ ಕಾಯಿಲಿನಲ್ಲಿ ನೀರಾಗಿ ಇಳಿಯುವುದು ಸಹಜ. ಯಂತ್ರ ಓಡುವಾಗ ಮಾತ್ರ ಬಿದ್ದು, ಮುಟ್ಟಿದರೆ ತಣ್ಣಗಿದ್ದರೆ ಅದೇ. ಯಾವಾಗಲೂ ಬಿದ್ದು, ಬೆಚ್ಚಗಿದ್ದರೆ ಟ್ಯಾಂಕ್ ಅಥವಾ ಜಾಯಿಂಟ್ ಸೋರುತ್ತಿದೆ. ಆ ನೀರು ಹೋಗುವ ಸಣ್ಣ ಪೈಪಿನಲ್ಲಿ ಪಾಚಿ, ಇರುವೆಗೂಡು ಕಟ್ಟುತ್ತದೆ, ಜೂನ್ ಮೊದಲು ಒಮ್ಮೆ ಬಿಸಿನೀರು ಹೊಯ್ಯಿರಿ. ಪ್ರೆಷರ್ ರಿಲೀಫ್ ವಾಲ್ವನ್ನು ಆರು ತಿಂಗಳಿಗೊಮ್ಮೆ ಎತ್ತಿ ಬಿಡಿ, ಕೈ ಸುಟ್ಟುಕೊಳ್ಳದ ಹಾಗೆ.

ಎಎಂಸಿ? ಆನೋಡ್ ಬಿಚ್ಚಿ ತೋರಿಸುವುದು, ಬೇಕಾದರೆ ಬದಲಿಸುವುದು ಅದರಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ಇಲ್ಲದಿದ್ದರೆ ನಾನಂತೂ ಮಾಡಿಸುವುದಿಲ್ಲ; ಬಟ್ಟೆಯಲ್ಲಿ ಮೇಲೆ ಒರೆಸಿ ಸಹಿ ಹಾಕಿಸಿಕೊಂಡು ಹೋಗುವುದಕ್ಕೆ ಯಾಕೆ ದುಡ್ಡು? ಆದರೆ ವಾರಂಟಿ ಚೀಟಿಯನ್ನು ಒಮ್ಮೆ ಓದಿ, ಅವರ ಸರ್ವಿಸ್ ಇಲ್ಲದೆ ಟ್ಯಾಂಕಿನ ವಾರಂಟಿ ಇಲ್ಲ ಎಂಬ ಸಾಲು ಕೆಲವದರಲ್ಲಿ ಇರುತ್ತದೆ. ರಾಡ್ ಬಿಚ್ಚಿದ ದಿನ ಒಂದು ಫೋಟೋ ಹಾಕಿ, ಇನ್ನೆಷ್ಟು ಸಮಯ ಬಂದೀತು ಎಂದು ನೋಡಿ ಹೇಳುತ್ತೇನೆ.