ಗೋಡೋ ಆಟ ಬ್ರೌಸರ್‌ನಲ್ಲಿ ಕನ್ನಡದ ಬದಲು ಚೌಕ ತೋರಿಸುವುದು

ಕನ್ನಡ ಫಾಂಟ್ ನಿಮ್ಮ ಪ್ರಾಜೆಕ್ಟ್ ಒಳಗೇ ಇಲ್ಲ, ಬಹುಶಃ ಅದೇ ಕಾರಣ. ನಿಮ್ಮ ಕಂಪ್ಯೂಟರ್‌ನಲ್ಲಿ ಆಟ ತಯಾರಿಸುವ ಸಾಫ್ಟ್‌ವೇರ್ ಗೋಡೋ 4 ಸಿಸ್ಟಮ್‌ನ ಫಾಂಟನ್ನೇ ಬಳಸಿಕೊಳ್ಳುತ್ತದೆ. ಬ್ರೌಸರ್‌ನಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ‘ಆಟ ಶುರು’ ಎಂಬಂಥ ಬಟನ್ ಮೇಲೆ ಒಳಗೆ ಪುಟ್ಟ ಕೋಡ್ ಇರುವ ಚೌಕಗಳು. ಇದಕ್ಕಾಗಿ ಆಟವನ್ನು ಇಂಗ್ಲಿಷ್‌ಗೆ ಬದಲಿಸಬೇಡಿ, ಖಂಡಿತ ಸರಿಹೋಗುತ್ತದೆ.

ನೋಟೋ ಸಾನ್ಸ್ ಕನ್ನಡ ಡೌನ್‌ಲೋಡ್ ಮಾಡಿ, ಟಿಟಿಎಫ್ ಫೈಲನ್ನು ಪ್ರಾಜೆಕ್ಟ್ ಫೋಲ್ಡರ್‌ಗೆ ಹಾಕಿ. ಅದನ್ನು ಆಟದ ಜೊತೆ ಹಂಚಲು ದುಡ್ಡು ಕೊಡಬೇಕಿಲ್ಲ. ಆಮೇಲೆ ಪ್ರಾಜೆಕ್ಟ್ ಸೆಟ್ಟಿಂಗ್ಸ್, ಜಿಯುಐ, ಥೀಮ್‌ಗೆ ಹೋಗಿ ಕಸ್ಟಮ್ ಫಾಂಟ್ ಜಾಗದಲ್ಲಿ ಕೊಡಿ. ಯಾವುದಾದರೂ ಲೇಬಲ್‌ಗೆ ಬೇರೆ ಪಿಕ್ಸೆಲ್ ಫಾಂಟ್ ಹಾಕಿದ್ದರೆ, ಅದರ ಇಂಪೋರ್ಟ್‌ನಲ್ಲಿ ಫಾಲ್‌ಬ್ಯಾಕ್ (ಅಕ್ಷರ ಇಲ್ಲದಾಗ ಬಳಸುವ ಬದಲಿ ಫಾಂಟ್) ಆಗಿ ಇದನ್ನೇ ಸೇರಿಸಿ.

ಎಕ್ಸ್‌ಪೋರ್ಟ್‌ಗೆ ಮುಂಚೆ ಆ ಫಾಂಟ್‌ಗಳ ಇಂಪೋರ್ಟ್‌ನಲ್ಲಿ ‘ಅಲೋ ಸಿಸ್ಟಮ್ ಫಾಲ್‌ಬ್ಯಾಕ್’ ಟಿಕ್ ತೆಗೆದು (ಆಗ ನಿಮ್ಮ ಕಂಪ್ಯೂಟರ್‌ನಲ್ಲೂ ಸಿಸ್ಟಮ್ ಫಾಂಟ್ ಬಳಕೆಯಾಗುವುದಿಲ್ಲ), ರೀಇಂಪೋರ್ಟ್ ಒತ್ತಿ, ಆಟ ಓಡಿಸಿ. ‘ಮತ್ತೊಮ್ಮೆ ಪ್ರಯತ್ನಿಸಿ’ ಎಂಬಂಥ ಪದಗಳು ಒತ್ತಕ್ಷರ ಸಮೇತ ಕಂಡರೆ ಎಕ್ಸ್‌ಪೋರ್ಟ್ ಮಾಡಿ.