ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಲುವೆಯ ಬೆನ್ನಿಗೆ ಬೆಳೆದ ಚಾಂಡ್ಲರ್

ಪ್ರಶ್ನೆ: ನಮ್ಮ ಮಗಳು, ಅಳಿಯ ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್‌ನಲ್ಲಿ ಮನೆ ಮಾಡಿದ್ದಾರೆ. ಮೂರು ತಿಂಗಳು ಇದ್ದು ಬರಲು ನಾನೂ ನಮ್ಮ ಮನೆಯವರೂ ಹೊರಟಿದ್ದೇವೆ. ಮರುಭೂಮಿಯ ಊರೆಂದು ಕೇಳಿದ್ದೇವೆ. ಮಗಳು ಕಳಿಸುವ ಫೋಟೊಗಳಲ್ಲಿ ಮಾತ್ರ ಕೆರೆ, ಹುಲ್ಲುಹಾಸು, ಒಂದೇ ಬಣ್ಣದ ಮನೆಗಳ ಸಾಲು ಕಾಣುತ್ತವೆ. ಈ ಊರು ಎಂಥದ್ದು? ನೋಡುವಂಥದ್ದು ಏನಿದೆ? ಯಾವಾಗ ಹೋದರೆ ಒಳ್ಳೆಯದು?

ಉತ್ತರ: ಫೋಟೊ ಸುಳ್ಳು ಹೇಳಿಲ್ಲ. ಚಾಂಡ್ಲರ್‌ ಇರುವುದು ಸೊನೋರನ್ ಮರುಭೂಮಿಯಲ್ಲೇ ಆದರೂ, ಈಗ ಮನೆಗಳಿರುವ ನೆಲದ ಬಹುಭಾಗ ಹಿಂದೆ ಹತ್ತಿ ಮತ್ತು ಮೇವು ಬೆಳೆಯುತ್ತಿದ್ದ ನೀರಾವರಿ ಹೊಲವಾಗಿತ್ತು. ಮರುಭೂಮಿ ಹೊಲವಾದದ್ದು ಮೊದಲು, ಹೊಲ ಬಡಾವಣೆಯಾದದ್ದು ಆಮೇಲೆ. ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡರೆ, ಮೊದಲ ನೋಟಕ್ಕೆ ಗುರುತು ಸಿಗದಂತೆ ಎಲ್ಲ ಕಡೆಯೂ ಒಂದೇ ಥರ ಕಾಣುವ ಈ ಊರು ನಿಧಾನವಾಗಿ ಅರ್ಥವಾಗತೊಡಗುತ್ತದೆ.

ಊರಿಗೆ ಹೆಸರು ಬಂದದ್ದು ಡಾ. ಅಲೆಕ್ಸಾಂಡರ್ ಜಾನ್ ಚಾಂಡ್ಲರ್ ಅವರಿಂದ. ಅವರು 1887ರಲ್ಲಿ ಅರಿಜೋನಾ ಪ್ರಾಂತ್ಯದ ಮೊದಲ ಪಶುವೈದ್ಯರಾಗಿ ಬಂದವರು. 1891ರಲ್ಲಿ 80 ಎಕರೆ ಜಮೀನು ಕೊಂಡು, ಕಾಲುವೆ ತೋಡುವ ವಿದ್ಯೆಯನ್ನು ತಾವೇ ಅಭ್ಯಾಸ ಮಾಡಿ, ಹತ್ತು ವರ್ಷದೊಳಗೆ ಸಾವಿರಾರು ಎಕರೆಯ ಒಡೆಯರಾದರು. 1911ರಲ್ಲಿ ಸಾಲ್ಟ್ ನದಿಗೆ ರೂಸ್‌ವೆಲ್ಟ್ ಅಣೆಕಟ್ಟೆ ಪೂರ್ಣಗೊಂಡು ನೀರಿನ ಭರವಸೆ ಸಿಕ್ಕ ಮರುವರ್ಷವೇ, ಅಂದರೆ 1912ರ ಮೇ ತಿಂಗಳಲ್ಲಿ, ತಮ್ಮ ಜಮೀನನ್ನು ನಿವೇಶನಗಳಾಗಿ ಕತ್ತರಿಸಿ ಮಾರಾಟಕ್ಕಿಟ್ಟರು. ಮರುವರ್ಷ ಅವರೇ ತೆರೆದ ಸ್ಯಾನ್ ಮಾರ್ಕೋಸ್ ಹೋಟೆಲು ಪೇಟೆಯ ಚೌಕದಲ್ಲಿ ಇಂದಿಗೂ ನಡೆಯುತ್ತಿದೆ. ಅದರ ಕಮಾನುಗಳ ನೆರಳಿನಲ್ಲಿ ಒಂದು ಸಂಜೆ ಕುಳಿತುಕೊಳ್ಳಿ. ಹೆಂಗಸರ ಟೋಪಿಗಳಿಗೆ ಗರಿ ಸಿಕ್ಕಿಸುವ ಫ್ಯಾಷನ್ ಇದ್ದ ಕಾಲದಲ್ಲಿ ಇಲ್ಲಿ ಉಷ್ಟ್ರಪಕ್ಷಿಗಳನ್ನೂ ಸಾಕುತ್ತಿದ್ದರು. ಫ್ಯಾಷನ್ ಹೋಯಿತು, ಪಕ್ಷಿಯ ಹೆಸರಿನ ಜಾತ್ರೆ ಮಾತ್ರ ಉಳಿದುಕೊಂಡಿದೆ.

1980ರ ಜನಗಣತಿಯಲ್ಲಿ ಚಾಂಡ್ಲರ್‌ನ ಜನಸಂಖ್ಯೆ 30 ಸಾವಿರವನ್ನೂ ಮುಟ್ಟಿರಲಿಲ್ಲ. 2020ರಲ್ಲಿ ಅದು 2,75,987. ಕಂಪ್ಯೂಟರ್ ಚಿಪ್ ತಯಾರಿಸುವ ಇಂಟೆಲ್ ಕಂಪನಿ ಇಲ್ಲಿ ಕಾರ್ಖಾನೆ ತೆರೆದದ್ದೂ 1980ರ ಸುಮಾರಿಗೆ. ಊರಿನ ದಕ್ಷಿಣಕ್ಕಿರುವ ಅದರ ಒಕೊಟಿಯೊ ಆವರಣದಲ್ಲಿ ಎರಡು ಹೊಸ ಚಿಪ್ ಕಾರ್ಖಾನೆಗಳಿಗೆ 2021ರಲ್ಲಿ 20 ಶತಕೋಟಿ ಡಾಲರ್ ಹೂಡಿಕೆ ಘೋಷಣೆಯಾಯಿತು. ನಿಮ್ಮ ಅಳಿಯಂದಿರ ಕೆಲಸ ಯಾವುದೆಂದು ನೀವು ಬರೆದಿಲ್ಲ. ಆದರೂ ನೆರೆಹೊರೆಯ ನಾಲ್ಕು ಮನೆಗಳಲ್ಲಿ ಒಬ್ಬರಾದರೂ ಚಿಪ್ ಉದ್ಯಮದ ನಂಟಿನವರು ಇದ್ದೇ ಇರುತ್ತಾರೆಂದು ನನ್ನ ಊಹೆ.

ಕಾರಿನಲ್ಲಿ ಹೋಗುವಾಗ ಒಂದು ಸಂಗತಿಯನ್ನು ಗಮನಿಸಿ. ಎಲಿಯಟ್, ವಾರ್ನರ್, ರೇ, ಚಾಂಡ್ಲರ್ ಬುಲೆವಾರ್ಡ್ ಹೀಗೆ ದೊಡ್ಡ ರಸ್ತೆಗಳು ಹೆಚ್ಚುಕಡಿಮೆ ಮೈಲಿಗೊಂದರಂತೆ ಬರುತ್ತವೆ. ಸರ್ಕಾರಿ ಮೋಜಣಿಯಲ್ಲಿ ಚದರ ಮೈಲಿಗೊಂದು, ಅಂದರೆ 640 ಎಕರೆಗೊಂದು, ಚೌಕ ಹಾಕಿದ್ದರು. ಆ ಗೆರೆಗಳೇ ಹೊಲಗಳ ಗಡಿಯಾದವು, ಗಡಿಗಳೇ ರಸ್ತೆಯಾದವು. ಪ್ರತಿ ಚೌಕದೊಳಗೆ ಗೋಡೆ ಕಟ್ಟಿಕೊಂಡ ಬಡಾವಣೆಗಳು, ಮೂಲೆಯಲ್ಲೊಂದು ಅಂಗಡಿ ಸಾಲು. ಗೋಡೆಗಳಿಗೆ ಬೆನ್ನು ಹಾಕಿ ನಿಂತ ಮನೆಗಳಿಂದಾಗಿ ರಸ್ತೆಗಳಿಗೆ ಮುಖವೇ ಇಲ್ಲದಂತಾಗಿದೆ ಎಂಬುದು ನನ್ನ ಆಕ್ಷೇಪ. ಊರಿನ ಮುಖ ನೋಡಬೇಕಾದರೆ ಕನ್ಸಾಲಿಡೇಟೆಡ್ ಕಾಲುವೆಯ ಏರಿಯ ಮೇಲಿನ ಪಾಸಿಯೊ ಹಾದಿಯಲ್ಲಿ ಬೆಳಗಿನ ಜಾವ ನಡೆಯಬೇಕು. ಒಂದು ಪಕ್ಕ ಸದ್ದಿಲ್ಲದೆ ಹರಿಯುವ ಮಣ್ಣುಬಣ್ಣದ ನೀರು, ಇನ್ನೊಂದು ಪಕ್ಕ ಹಿತ್ತಿಲ ಗೋಡೆಯಾಚೆ ಇಣುಕುವ ಕಿತ್ತಳೆ ಗಿಡ, ಹಣೆಯ ಮೇಲೆ ಮುಂದಕ್ಕೆ ಬಾಗಿದ ಕರಿಜುಟ್ಟು ಹೊತ್ತು ಮರಿಗಳ ಹಿಂಡಿನೊಂದಿಗೆ ಓಡುವ ಲಾವಕ್ಕಿ. ವೆಟರನ್ಸ್ ಓಯಸಿಸ್ ಪಾರ್ಕನ್ನೂ ಬಿಡಬೇಡಿ; ಶುದ್ಧೀಕರಿಸಿದ ನೀರನ್ನು ನೆಲಕ್ಕೆ ಇಂಗಿಸಲೆಂದು ಮಾಡಿದ ಕೊಳಗಳು ಅಲ್ಲಿ ಹಕ್ಕಿಗಳ ತಾಣವಾಗಿವೆ.

ಹೋಗುವುದಾದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಿ. ಪಕ್ಕದ ಫೀನಿಕ್ಸ್‌ನಲ್ಲಿ 2023ರಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ದಾಟಿತ್ತು. ನಾನು ಹೋಗಿದ್ದು ಒಂದು ಜುಲೈನಲ್ಲಿ; ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರೇ ಬರುತ್ತಿತ್ತು, ಬಿಸಿಲಿಗೆ ನಿಂತ ಕಾರಿನ ಸೀಟ್‌ಬೆಲ್ಟಿನ ಕೊಂಡಿ ಮುಟ್ಟಿ ಬೆರಳು ಸುಟ್ಟುಕೊಂಡೆ.

ಪ್ರಶ್ನೆ: ವರ್ಷಕ್ಕೆ ಇಪ್ಪತ್ತು ಸೆಂಟಿಮೀಟರ್ ಆಸುಪಾಸು ಮಾತ್ರ ಮಳೆ ಬೀಳುವ ಕಡೆ ಇಷ್ಟೊಂದು ಜನಕ್ಕೆ ನೀರು ಎಲ್ಲಿಂದ? ನಾಳೆ ಬತ್ತಿಹೋದರೆ?

ಉತ್ತರ: ಸಾಲ್ಟ್ ಮತ್ತು ವರ್ಡೆ ನದಿಗಳ ನೀರು ಹಳೆಯ ಕಾಲುವೆಗಳಿಂದ ಬರುತ್ತದೆ, ಕೊಲೊರಾಡೊ ನದಿಯ ನೀರು 336 ಮೈಲಿ ಉದ್ದದ ಸೆಂಟ್ರಲ್ ಅರಿಜೋನಾ ಪ್ರಾಜೆಕ್ಟ್ ಕಾಲುವೆಯಿಂದ ಬರುತ್ತದೆ, ಇದಕ್ಕೆ ಅಂತರ್ಜಲವೂ ಸೇರುತ್ತದೆ. ಬಳಸಿದ ನೀರನ್ನು ಶುದ್ಧೀಕರಿಸಿ ಗಿಡಗಳಿಗೆ ಬಿಡುತ್ತಾರೆ, ಭೂಮಿಗೆ ಇಂಗಿಸುತ್ತಾರೆ. ಹೊಲ ಬಡಾವಣೆಯಾದಾಗ ನೀರಿನ ಖರ್ಚು ಹೆಚ್ಚಲೇಬೇಕೆಂದೇನೂ ಇಲ್ಲ ಎಂಬುದು ಹಲವರಿಗೆ ಅಚ್ಚರಿಯ ವಿಷಯ. ಹತ್ತಿಯೂ ಮೇವೂ ಮನೆಗಳಿಗಿಂತ ಹೆಚ್ಚು ನೀರು ಕುಡಿಯಬಲ್ಲವು. ಅಲ್ಲದೆ, ಫೀನಿಕ್ಸ್ ಸುತ್ತಿನಲ್ಲಿ ಹೊಸ ಬಡಾವಣೆ ಎಬ್ಬಿಸುವವರು ನೂರು ವರ್ಷಕ್ಕೆ ಸಾಲುವ ನೀರಿದೆಯೆಂದು ತೋರಿಸಬೇಕೆಂಬ ನಿಯಮಕ್ಕೆ 1980ರ ಅಂತರ್ಜಲ ಕಾಯ್ದೆ ಬುನಾದಿ ಹಾಕಿತು.

ಹಾಗೆಂದು ನಿಶ್ಚಿಂತರಾಗಿರುವ ಹಾಗಿಲ್ಲ. ಕೊಲೊರಾಡೊ ನದಿಯಲ್ಲಿ ನೀರಿನ ಕೊರತೆಯಿದೆಯೆಂದು 2021ರಲ್ಲಿ ಮೊದಲ ಬಾರಿಗೆ ಅಧಿಕೃತವಾಗಿ ಘೋಷಿಸಿದರು, ಕಡಿತದ ಪೆಟ್ಟು ಮೊದಲು ಬಿದ್ದದ್ದು ದಕ್ಷಿಣದ ಪಿನಾಲ್ ಕೌಂಟಿಯ ರೈತರ ಮೇಲೆ. ಬರೀ ಅಂತರ್ಜಲವನ್ನು ನೆಚ್ಚಿಕೊಂಡ ಹೊಸ ಬಡಾವಣೆಗಳಿಗೆ ಫೀನಿಕ್ಸ್ ಸುತ್ತಿನಲ್ಲಿ 2023ರಿಂದ ರಾಜ್ಯ ತಡೆ ಹಾಕಿತು. ಹಲವು ಮೂಲಗಳ ನೀರುಳ್ಳ ಚಾಂಡ್ಲರ್‌ನಂಥ ಹಳೆಯ ನಗರಗಳಿಗಿಂತ, ಇನ್ನೂ ಹೊರಕ್ಕೆ ಹಬ್ಬುತ್ತಿರುವ ಅಂಚಿನ ಊರುಗಳಿಗೆ ಅದು ಬಿಗಿಯಾಯಿತು.

ಪ್ರಶ್ನೆ: ವಯಸ್ಸಾದ ನಾವು ಕಾರು ಓಡಿಸುವುದಿಲ್ಲ. ಅಲ್ಲಿ ಮನೆಯೊಳಗೇ ಕೂರಬೇಕಾಗುತ್ತದೆಯೇ? ಧೂಳುಗಾಳಿಯ ಭಯವೂ ಇದೆ.

ಉತ್ತರ: ಮೊದಲನೆಯದು ನಿಜವಾದ ಕಷ್ಟ. ಪಕ್ಕದ ಮೀಸಾ, ಟೆಂಪಿ ಊರುಗಳವರೆಗೆ ಬಂದಿರುವ ಲೈಟ್ ರೈಲು (ನಗರ ಸಂಚಾರದ ಹಗುರ ರೈಲು) ಚಾಂಡ್ಲರ್‌ಗೆ ಬಂದಿಲ್ಲ. ಬಸ್ಸುಗಳಿವೆ, ಆದರೆ ನಿಲ್ದಾಣದವರೆಗಿನ ನಡಿಗೆಗೆ ನೆರಳಿಲ್ಲ. ಒಂದು ತಮಾಷೆಯೆಂದರೆ ಚಾಲಕನಿಲ್ಲದ ವೇಮೋ ಟ್ಯಾಕ್ಸಿ ಮೊದಲು ಬಾಡಿಗೆಗೆ ಓಡಿದ ಊರುಗಳಲ್ಲಿ ಚಾಂಡ್ಲರ್‌ ಒಂದು. ಸ್ಟೀರಿಂಗ್ ತಾನಾಗಿ ತಿರುಗುವುದನ್ನು ಹಿಂದಿನ ಸೀಟಿನಿಂದ ನೋಡುವ ಧೈರ್ಯವಿದ್ದರೆ ಫೋನಿನಲ್ಲೇ ಕರೆಸಿಕೊಳ್ಳಬಹುದು.

ಧೂಳುಗಾಳಿ ಏಳುವುದು ಬಹುಮಟ್ಟಿಗೆ ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ದೂರದಲ್ಲಿ ಕಂದು ಗೋಡೆಯಂತೆ ಎದ್ದು ಬರುತ್ತದೆ. ಬಂದಾಗ ಎದುರಿನ ಕಾರೂ ಕಾಣದು. ಮಗಳು ಕಾರು ಓಡಿಸುತ್ತಿದ್ದರೆ ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ, ದೀಪಗಳನ್ನೆಲ್ಲ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕ್ ಪೆಡಲಿನಿಂದ ಕಾಲು ತೆಗೆಯಲಿ. ದೀಪ ಆರಿಸುವುದು ವಿಚಿತ್ರವೆನಿಸಬಹುದು. ಕೆಂಪು ದೀಪ ಉರಿಯುತ್ತಿದ್ದರೆ ಹಿಂದಿನವರು ಅದನ್ನೇ ರಸ್ತೆಯೆಂದುಕೊಂಡು ಬಂದು ಗುದ್ದುತ್ತಾರೆ. ನೀವು ಮನೆಯಲ್ಲಿದ್ದರೆ ಕಿಟಕಿ ಮುಚ್ಚಿಕೊಂಡರಾಯಿತು. ಮರುದಿನ ಅಂಗಳ ಗುಡಿಸುವ ಕೆಲಸವೊಂದು ಸಿಗುತ್ತದೆ.